ಪಟ್ಟಿಯಡಿಯ ಕೊಳವೆ

ಸೇಡಂನಲ್ಲಿ ಅಂಗಡಿ ಬೋರ್ಡು ಬರೆದು ಹೊಟ್ಟೆ ಹೊರೆಯುವ ನನಗೆ ಎಂಬತ್ಮೂರನೇ ಇಸವಿಯಲ್ಲಿ ಬ್ಲಾಕ್ ಆಫೀಸಿನವರು ನಲವತ್ತು ಚಿತ್ರಪಟಗಳ ಕೆಲಸ ಕೊಟ್ಟರು. ಹೊಗೆಯಿಲ್ಲದ ಒಲೆಯ ಚಿತ್ರ. ಓದು ಬಾರದ ಹೆಂಗಸರೂ ನೋಡಿಕೊಂಡೇ ಕಟ್ಟಬೇಕು, ಸೌದೆ ಉಳಿಯಬೇಕು, ಕಾಡು ಉಳಿಯಬೇಕು. ಒಲೆ ಬರೆದೆ, ಅದರಿಂದ ಮೇಲೆದ್ದ ಹೊಗೆ ಕೊಳವೆ ಬರೆದೆ, ಪಕ್ಕದಲ್ಲಿ ರೊಟ್ಟಿ ಬಡಿಯುತ್ತ ನಗುವ ಹೆಂಗಸನ್ನು ಬರೆದೆ. ಮೊದಲ ಪಟದ ಆ ನಗೆಗೇ ಎರಡು ದಿನ ಹಿಡಿಯಿತು.

ತೂಗುಹಾಕಲೆಂದು ಮೇಲೆ ಮರದ ಪಟ್ಟಿ ಬಡಿದಾಗ ಚಿತ್ರದ ನಾಲ್ಕು ಬೆರಳಷ್ಟು ಭಾಗ ಮುಚ್ಚಿಹೋಯಿತು. ಅಲ್ಲಿದ್ದದ್ದು ಮಾಳಿಗೆ, ಅಂದರೆ ಮನೆಯ ಚಾವಣಿ, ಮತ್ತು ಮಾಳಿಗೆ ದಾಟಿ ಹೊರಗೆ ಹೋದ ಕೊಳವೆಯ ತುದಿ. ಸುಳ್ಳು ಯಾಕೆ ಹೇಳಲಿ, ನನಗೆ ಕಂಡಿತ್ತು. ಕೊಳವೆ ಹೊರಗೆ ಹೋಗಬೇಕೆಂದು ಯಾರಿಗೆ ಗೊತ್ತಿಲ್ಲ ಎಂದು ಬಿಟ್ಟುಬಿಟ್ಟೆ. ಸರ್ಕಾರದ ಕೆಲಸ ದೇವರ ಕೆಲಸ ಅನ್ನುತ್ತಾರೆ. ನಾನು ಅದನ್ನು ಯಾರದೋ ಕೆಲಸ ಅಂದುಕೊಂಡೆ.

ವರ್ಷದ ಮೇಲೆ ಗ್ರಾಮಸೇವಕಿ ನೀಲಾಬಾಯಿ ಬಂದರು. ಮೂವತ್ತು ಹಳ್ಳಿ ಒಬ್ಬರೇ ಸುತ್ತುವ ಹೆಂಗಸು.

"ಆಡಕಿ ಹಳ್ಳಿಗಿ ಒಮ್ಮಿ ಬರ್ರಿ. ನಿಮ್ಮ ಚಿತ್ರ ನೋಡಬೇಕು ನೀವು."

ಹೊಗಳಲು ಕರೆಯುತ್ತಾರೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಥೂ ನನ್ನ ಜನ್ಮಕ್ಕೆ!

ಅದು ಮಾಳಮ್ಮ ಎಂಬ ಮುದುಕಿಯ ಮನೆ. ಮೊದಲು ಅಂಗಳದ ಬಯಲಲ್ಲಿ ಅಡುಗೆ ಮಾಡುತ್ತಿದ್ದವಳು ನನ್ನ ಚಿತ್ರ ನಂಬಿ ಒಲೆಯನ್ನು ಮನೆಯೊಳಗೆ ಕಟ್ಟಿಸಿದ್ದಳು. ಕೊಳವೆ ಮಾಳಿಗೆಗಿಂತ ಒಂದು ಮೊಳ ಕೆಳಗೇ ನಿಂತಿತ್ತು. ಗೋಡೆಯೆಲ್ಲ ಕರಿ ಹಿಡಿದಿತ್ತು. ಗೂಟಕ್ಕೆ ತೂಗಿದ್ದ ಪಟಕ್ಕೂ ಕರಿ ಹಿಡಿದಿತ್ತು, ನಾನು ಬರೆದ ಹೆಂಗಸಿನ ಮುಖವೊಂದೇ ಸ್ವಚ್ಛವಾಗಿತ್ತು.

"ಚಿತ್ರದಾಗ ಎಷ್ಟಿತ್ತೋ ಅಷ್ಟೇ ಇಟ್ಟೀವಿ ಯಪ್ಪಾ. ತಂದದ್ರಾಗ ಒಂದು ಕೊಳವಿ ತುಂಡು ಉಳೀತು" ಎಂದಳು ಮಾಳಮ್ಮ. ಉಳಿದ ಆ ಕೊಳವೆ ಅಂಗಳದಲ್ಲಿ ಬಿದ್ದಿತ್ತು, ಅದರೊಳಗೆ ಕೋಳಿಮರಿಗಳು ಆಡುತ್ತಿದ್ದವು.

"ಇಷ್ಟು ಹೊಗಿ ಆದ್ರ ಯಾರಿಗರೆ ಹೇಳಬಾರದೇನವ್ವಾ?" ಎಂದು ಕೇಳಿದೆ.

"ಹ್ಯಾಂಗ ಹೇಳ್ಲಿ? ಚಿತ್ರದಾಗಿನಾಕಿ ನಗಲಿಕತ್ತಾಳ. ನಾನೇ ಏನೋ ತಪ್ಪ ಮಾಡೀನಿ ಅನ್ಕೊಂಡೆ. ಕಣ್ಣ ಕಾಣೋತನಕ ದಿನಾ ಅಕಿ ಮಾರಿ ಒರಸಿ ನೋಡ್ತಿದ್ದೆ."

ಇದನ್ನು ಅವಳು ಬಾಗಿಲ ಕಡೆ ಮುಖ ಮಾಡಿ ಹೇಳಿದಳು. ನಾನು ನಿಂತದ್ದು ಒಲೆಯ ಹತ್ತಿರ. ಮೊದಲೇ ನೋಯುತ್ತಿದ್ದ ಕಣ್ಣು, ಹೊಗೆಗೆ ಪೂರ್ತಿ ಹೋಯಿತಂತೆ. ಇನ್ನು ಬೆಳಕು ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆಂದು ನೀಲಾಬಾಯಿ ಮೆಲ್ಲಗೆ ಹೇಳಿದರು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು.

ಪಟ ಇಳಿಸಿ ಪಟ್ಟಿಯ ಮೊಳೆ ಕಿತ್ತೆ. ಅದರಡಿ ಮಸಿ ಸೋಕಿರಲಿಲ್ಲ. ಮಾಳಿಗೆ, ಕೊಳವೆಯ ತುದಿ, ಅದರ ಮೇಲಿನ ನೀಲಿ ಆಕಾಶ, ನಾನು ಬರೆದಂತೆಯೇ ಇದ್ದವು.

"ಇಲ್ಲಿ ನೋಡವ್ವಾ" ಎಂದು ಬಾಯಿತಪ್ಪಿ ಅಂದುಬಿಟ್ಟೆ.

"ಬೆರಳ ಹಿಡಿದು ತೋರಸಪ್ಪ" ಎಂದು ಅವಳು ಕೈ ಚಾಚಿದಳು.

ಅವಳ ಬೆರಳನ್ನು ಪಟ್ಟಿಯಿದ್ದ ಜಾಗದಲ್ಲಿಟ್ಟು, ಕೊಳವೆಯ ಗುಂಟ ಮೇಲಕ್ಕೆ ಸರಿಸಿದೆ. "ಕೊಳವಿ ಮಾಳಿಗಿ ದಾಟಿ ಹೊರಗ ಹೋಗಿತ್ತವ್ವಾ, ಪಟ್ಟಿ ಮುಚ್ಚಿತ್ತು" ಎಂದೆ. ಕಾಗದ ಬೇಗ ಮುಗಿಯಿತು. ಅವಳು ಬೆರಳನ್ನು ಮತ್ತೆ ಕೆಳಗೆ ತಂದು, ತಾನೇ ಇನ್ನೊಮ್ಮೆ ಸರಿಸಿ ಅಳೆದಳು.

"ಇಷ್ಟೇ ಇತ್ತೇನು ಯಪ್ಪಾ?" ಎಂದಳು.