ಹಿಂದುಮುಂದಾದ ರೀಲು

ಕಾಸಿಂನಿಗೆ ಮಾತು ಸಾಕಾಗಿಹೋಗಿತ್ತು. ಆದರೆ ಮಾತೇ ಅವನ ಹೊಟ್ಟೆಪಾಡು. ಹುಮನಾಬಾದಿನ ಟೆಂಟ್ ಟಾಕೀಸಿಗೆ ಇಂಗ್ಲಿಷ್ ಚಿತ್ರ ಬಂದರೆ ಪರದೆಯ ಪಕ್ಕ ನಿಂತು ಕಥೆ ಹೇಳುವವನು ಅವನು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಕೇಳುವವರಿಗೂ ಬರುತ್ತಿರಲಿಲ್ಲವಲ್ಲ, ನಡೆದುಹೋಗುತ್ತಿತ್ತು.

ಈ ಸಲದ್ದು ಮಕ್ಕಳ ಪುಸ್ತಕದಿಂದ ತೆಗೆದ ಚಿತ್ರವಂತೆ. ಮನುಷ್ಯರೇ ಇಲ್ಲ, ಎಲ್ಲ ಕೈಯಲ್ಲಿ ಬರೆದು ಕುಣಿಸಿದ ಕರಡಿಗಳು. ಎರಡನೇ ರೀಲಿನಲ್ಲಿ ಅಪ್ಪ ಕರಡಿ ಮರಿಗೆ ಮೀನು ಹಿಡಿಯಲು ಕಲಿಸುತ್ತದೆ. ಮೂರನೆಯದರಲ್ಲಿ ಹೆಪ್ಪುಗಟ್ಟಿದ ಹೊಳೆ ಒಡೆದು ಅಪ್ಪ ಕರಡಿ ಮುಳುಗುತ್ತದೆ. ಆಮೇಲೆ ತಾಯಿ, ಮರಿ ಎರಡೇ. ಹೊಳೆ ಹೆಪ್ಪುಗಟ್ಟುವುದನ್ನು ಹುಮನಾಬಾದಿನವರಿಗೆ ತಿಳಿಸಿಹೇಳುವುದರಲ್ಲೇ ಕಾಸಿಂನಿಗೆ ಅರ್ಧ ಜೀವ ಹೋಯಿತು.

ಕಲ್ಯಾಣದಿಂದ ತಂಗಿ ಅನ್ವರಿಯನ್ನು, ಅವಳ ಮನಸ್ಸು ಹಗುರಾಗಲಿ ಎಂದು, ಕರೆಸಿಕೊಂಡಿದ್ದ. ಅವಳ ಗಂಡ ಮೊಹಿನುದ್ದೀನ್ ಹಳ್ಳಿಹಳ್ಳಿ ತಿರುಗಿ ಗಾದಿಗೆ ಹತ್ತಿ ಹಿಂಜುವವನು. ಹಿಂದಿನ ವರ್ಷ, ನಿಜಾಮರ ರಾಜ್ಯ ಮುಗಿದ ಗದ್ದಲದಲ್ಲಿ, ಹೋದವನು ತಿರುಗಿ ಬರಲಿಲ್ಲ. ಸಾವಿನ ಸುದ್ದಿಯೂ ಬರಲಿಲ್ಲವಾದ್ದರಿಂದ ಅನ್ವರಿ ಇದ್ದತ್ತಿಗೆ, ಅಂದರೆ ಗಂಡ ಸತ್ತವಳು ಮನೆ ಹಿಡಿದು ಕೂರುವ ಶೋಕಕ್ಕೆ, ಕೂತಿರಲಿಲ್ಲ. ಬಸ್ಸು ಬಂದಾಗಲೆಲ್ಲ ಬುರ್ಖಾ ಹಾಕಿಕೊಂಡು ಹೋಗಿ ಇಳಿದವರನ್ನು ಕೇಳುತ್ತಿದ್ದಳು. ಸೊರಗಿ ಕಡ್ಡಿಯಾಗಿದ್ದಳು.

ಕಾಸಿಂನಿಗೆ ಈಗ ನಿಜ ಗೊತ್ತಿತ್ತು. ಮೊನ್ನೆ ಸಂತೆಯಲ್ಲಿ ಮೋರಖಂಡಿಯ ರೈತ ದೇವಿಂದ್ರಪ್ಪ ಮರೆಗೆ ಕರೆದು, "ಗದ್ದಲದಾಗ ಸತ್ತು ಬಿದ್ದಿದ್ದ ನಿಮ್ಮ ತಂಗಿ ಗಂಡನ್ನ ನಾನೇ ಮಣ್ಣ ಮಾಡೇನ್ರಿ. ಅಂಜಿ ಇಷ್ಟು ದಿನ ಬಾಯಿ ಬಿಡಲಿಲ್ಲ" ಎಂದಿದ್ದ. ಊರಿಗೆಲ್ಲ ಕಥೆ ಹೇಳುವ ಕಾಸಿಂನಿಗೆ ತಂಗಿಯ ಮುಂದೆ ನಾಲಗೆ ಏಳಲಿಲ್ಲ.

ಮೊದಲ ಆಟದಲ್ಲಿ ಮಷಿನ್ ನಡೆಸುವ ಮಚ್ಚೇಂದ್ರ ಡಬ್ಬಿ ಅದಲುಬದಲು ಮಾಡಿ ಮೂರನೇ ರೀಲನ್ನು ಎರಡನೆಯದಕ್ಕಿಂತ ಮೊದಲೇ ಹಾಕಿದ. ಕರಡಿ ಮುಳುಗಿತು, ಅನ್ವರಿ ಕೂತಿದ್ದ ಹೆಂಗಸರ ಕಡೆ ಅಳು ಎದ್ದಿತು. ಮುಂದಿನ ರೀಲಿನಲ್ಲಿ ನೋಡಿದರೆ ಅದೇ ಕರಡಿ ಆರಾಮಾಗಿ ಮೀನು ಹಿಡಿಯುತ್ತಿದೆ. ಕಾಸಿಂ ಏನು ಮಾಡಿಯಾನು?

"ಸತ್ತಿಲ್ಲ ನೋಡ್ರಿ. ಹೊಳಿ ಆಚಿ ದಂಡಿಗೆ ಹತ್ತಿ ತಿರುಗಿ ಬಂದಾನ," ಎಂದ.

ಟೆಂಟಿನ ತುಂಬ ಸಿಳ್ಳೆ. ಕೊನೆಯ ರೀಲುಗಳಲ್ಲಿ ಅಪ್ಪ ಯಾಕಿಲ್ಲ ಎಂದರೆ, ದುಡಿಯಲು ಮುಂಬಯಿಗೆ ಹೋದ ಎಂದು ತೇಲಿಸಿದ. ಮಾಲೀಕ ಮಹಾರುದ್ರಪ್ಪನಿಗೆ ಖುಷಿಯೋ ಖುಷಿ: "ನಾಳಿನೂ ಹಿಂಗ ಹಚ್ಚರಿ."

ಮರುದಿನ ಬೆಳಿಗ್ಗೆ ಅನ್ವರಿ ಚಹಾ ತಂದುಕೊಟ್ಟಳು. ಮುಖದಲ್ಲಿ ಕಳೆ ಇತ್ತು. "ಭಾಯಿಜಾನ್, ಅವ್ರೂ ಹಂಗ ಎಲ್ಲೋ ಆಚಿ ದಂಡಿಗೆ ಇರ್ತಾರ. ಇವತ್ತ ರಾಜೇಶ್ವರ ಊರಿಗೆ ಹೋಗಿ ಕೇಳ್ತೀನಿ," ಎಂದಳು. ಕಾಸಿಂ ಚಹಾ ಕೆಳಗಿಟ್ಟ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆಟ ಮುಗಿಯುವ ತನಕ ತಡಿ ಎಂದು ಅವಳನ್ನು ಹೇಗೋ ನಿಲ್ಲಿಸಿಕೊಂಡ.

ಸಂಜೆ ಅನ್ವರಿ ಮತ್ತೆ ಹೆಂಗಸರ ಕಡೆ ಕೂತಿದ್ದಳು. ಮತ್ತೆ ಕರಡಿ ಮುಳುಗಿತು. ಮತ್ತೆ ಎದ್ದು ಬಂದು ಮೀನು ಹಿಡಿಯತೊಡಗಿತು. ಜನ ಸಿಳ್ಳೆಗೆ ಬೆರಳು ಬಾಯಿಗಿಟ್ಟು ಕಾದರು. ಕಾಸಿಂ ಹೆಂಗಸರ ಕಡೆ ತಿರುಗಿದ.

"ಅಂವ ಬಂದಿಲ್ಲ," ಎಂದ. "ಇನ್ನ ಬರಂಗೂ ಇಲ್ಲ. ಈಗ ಕಾಣಾಕತ್ತಿದ್ದು ಅಂವ ಇದ್ದಾಗಿಂದು. ಮರಿ ಕಣ್ಣು ಮುಚ್ಚಿಕೊಂಡು ನೆನಸಾಕತ್ತದ."

ಜನ ಗೊಣಗಿದರು. ಮಹಾರುದ್ರಪ್ಪ ದುರುಗುಟ್ಟಿ ನೋಡಿದ. ಕಾಸಿಂ ಉಳಿದ ಕಥೆಯನ್ನು ಹೇಗೋ ಎಳೆದು ಮುಗಿಸಿದ.

ಟೆಂಟಿನ ಹೊರಗೆ ಅನ್ವರಿ ಮುಸುಕು ಎತ್ತಿ ನಿಂತಿದ್ದಳು.

"ಎಲ್ಲಿ ಮಣ್ಣ ಮಾಡ್ಯಾರ?"

"ಮೋರಖಂಡಿ. ದೇವಿಂದ್ರಪ್ಪ ಅಂತ, ಅವನ ಹೊಲದಾಗ."

"ನಮ್ಮವರು ಯಾರೂ ಇರ್ಲಿಲ್ಲೇನು?"

"ಯಾರೂ ಇರ್ಲಿಲ್ಲಂತ. ಅಂವ ಒಬ್ಬನ."

"ಮುಖ? ಮುಖ ಯಾವ ಕಡಿ ತಿರುಗಿಸಿದ? ನಮಾಜಿನ ದಿಕ್ಕಿಗೇನು?"

"ನಾನೂ ಅದನ್ನ ಕೇಳ್ದೆ," ಎಂದ ಕಾಸಿಂ. "ನಿಮ್ಮ ಪದ್ಧತಿ ನನಗ ತಿಳೀಲಿಲ್ರಿ, ಅದಕ್ಕ ಊರಾಗಿನ ಮಸೂತಿ ಕಡಿ ತಿರುಗಿಸೇನಿ ಅಂದ."

ಅನ್ವರಿ ಅಲ್ಲೇ ನೆಲಕ್ಕೆ ಕೂತಳು. ವರ್ಷದಿಂದ ಬಾರದ ಅಳು ಆಗ ಬಂತು.