ಅಕ್ಕ ಮಲಗಿಸಿಟ್ಟ ವೈರಸ್ಸು

ಇದನ್ನೆಲ್ಲ ಹೇಳಲು ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ವಿಜ್ಞಾನಿಯಲ್ಲ. ವಿಜ್ಞಾನಿಗಳ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳಿಗೆ ಊಟ ತಯಾರಿಸುವವಳು. ಪುಡಿ ತೂಗಿ, ನೀರಿನಲ್ಲಿ ಕರಗಿಸಿ, ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿ, ಗಾಜಿನ ತಟ್ಟೆಗಳಿಗೆ ಸುರಿದಿಡುವುದು ನನ್ನ ಕೆಲಸ. ಜೀವಶಾಸ್ತ್ರ ಓದಿದ್ದು ಸಂಜೆ ಕಾಲೇಜಿನಲ್ಲಿ, ಅರ್ಧ ತೂಕಡಿಸುತ್ತ. ಎಲ್ಲಾದರೂ ತಪ್ಪಾಗಿ ಹೇಳಿದರೆ ಅದು ನನ್ನದೇ ತಪ್ಪು, ಅಕ್ಕನದಲ್ಲ. ಅವಳು ಸರಿಯಾಗಿಯೇ ಹೇಳಿಕೊಟ್ಟಿದ್ದಳು.

ಅಕ್ಕ ಅದೇ ಪ್ರಯೋಗಾಲಯದಲ್ಲಿ ಸಂಶೋಧಕಿಯಾಗಿದ್ದಳು. ಬ್ಯಾಕ್ಟೀರಿಯಾಗಳಿಗೂ ಕಾಯಿಲೆ ಬರುತ್ತದೆ, ಅವನ್ನು ಹಿಡಿಯುವ ವೈರಸ್ಸುಗಳೂ ಇವೆ ಎಂದು ನಾನು ತಿಳಿದದ್ದು ಅವಳಿಂದ. ನಮ್ಮ ಬೀದಿಯ ಚರಂಡಿ ನೀರಿನಿಂದ ಅಂಥದ್ದೊಂದು ವೈರಸ್ಸನ್ನು ಹಿಡಿದು ತಂದು, ಅದಕ್ಕೆ ಕಳ್ಳಿ ಎಂದು ಹೆಸರಿಟ್ಟಿದ್ದಳು.

"ಬೇರೆ ವೈರಸ್ಸುಗಳು ದರೋಡೆಕೋರರು ಕಣೇ," ಎನ್ನುತ್ತಿದ್ದಳು. "ನುಗ್ತಾವೆ, ಮನೆ ಒಡೆದುಹಾಕಿ ಹೊರಟುಹೋಗ್ತಾವೆ. ಇವಳು ಹಾಗಲ್ಲ. ಸದ್ದಿಲ್ಲದೆ ಒಳಗೆ ಬಂದು ಬ್ಯಾಕ್ಟೀರಿಯಾದ ಡಿಎನ್‌ಎಗೇ ಸೇರ್ಕೊಂಡು ಮಲಗಿಬಿಡ್ತಾಳೆ. ಅದು ಎರಡಾದ್ರೆ ಎರಡರಲ್ಲೂ ಇವಳು, ನಾಲ್ಕಾದ್ರೆ ನಾಲ್ಕರಲ್ಲೂ. ಯಾರಿಗೂ ಗೊತ್ತಾಗಲ್ಲ."

"ಏಳೋದೇ ಇಲ್ವಾ?"

"ಮನೆಗೆ ಕಷ್ಟ ಬಂದ್ರೆ ಏಳ್ತಾಳೆ. ನೇರಳಾತೀತ ಬೆಳಕು ತಾಗಿಸಿ ನೋಡು, ಎದ್ದು ಓಡ್ತಾಳೆ. ಯಾಕೆ ಹಾಗೆ ನೋಡ್ತೀಯ? ನಿನ್ನ ಹಿಡಿಯಲ್ಲ ಬಿಡೇ, ಹೆದರುಪುಕ್ಕಲಿ."

ಹೆದರುಪುಕ್ಕಲಿ ಎಂದರೆ ನಾನು. ಹಾಗೆ ಕರೆಯುವುದು ಅವಳೊಬ್ಬಳೇ.

ಎರಡು ವರ್ಷದ ಹಿಂದೆ ಅಕ್ಕನಿಗೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಕೈಕಾಲು ಮೆಲ್ಲಗೆ ಸರಿಹೋದವು. ಮಾತು ಮಾತ್ರ ಹೋದದ್ದು ಹೋಯಿತು. ಒಂದೇ ಒಂದು ಪದ ಉಳಿದುಕೊಂಡಿತು: ಆಮೇಲೆ. ಹಸಿವಾಗಿದೆಯಾ ಎಂದರೆ ಆಮೇಲೆ. ನಾನು ಯಾರು ಹೇಳು ಎಂದರೆ ಆಮೇಲೆ. ಚಹಾದ ಲೋಟ ಕೈಗೆತ್ತಿಕೊಂಡು ಕುಡಿಯುತ್ತಲೇ, ಚಹಾ ಬೇಕಾ ಎಂದ ಅಮ್ಮನಿಗೆ "ಆಮೇಲೆ" ಎನ್ನುತ್ತಾಳೆ. ಮೊದಮೊದಲು ಅಮ್ಮ ಅಳುತ್ತಿದ್ದಳು. ಈಗ "ಆಯ್ತು ಮಹಾರಾಣಿ, ಆಮೇಲೇ ಕುಡಿ," ಎಂದು ನಗುತ್ತಾಳೆ.

ನನಗೆ ನಗು ಬರುವುದಿಲ್ಲ. ಅಕ್ಕ ಎದುರಿಗೇ ಕೂತಿರುತ್ತಾಳೆ, ಅದೇ ಎಣ್ಣೆಯ ವಾಸನೆ, ಅದೇ ಮೊಂಡು ಮೂಗು. ಆದರೂ ಸಂಜೆ ಮೆಟ್ಟಿಲ ಮೇಲೆ ಯಾರದಾದರೂ ಚಪ್ಪಲಿ ಸದ್ದಾದರೆ, ಅಕ್ಕ ಕೆಲಸದಿಂದ ಬಂದಳೇನೋ ಎಂದು ನನ್ನ ತಲೆ ಬಾಗಿಲ ಕಡೆ ತಿರುಗುತ್ತದೆ. ತಿರುಗುವಾಗ ಪಕ್ಕದಲ್ಲಿ ಅವಳೇ ಕೂತಿರುತ್ತಾಳೆ.

ನಾವು ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಹೋಯಿತು. ಆ ಗಡಿಬಿಡಿಯಲ್ಲಿ, ವಾರಸುದಾರರಿಲ್ಲದ ಕೊಳವೆಗಳೆಲ್ಲ ಬೇಯಿಸುವ ಯಂತ್ರ ಸೇರಿ, ಒಳಗಿದ್ದದ್ದೆಲ್ಲ ಸತ್ತುಹೋಯಿತು. ಅದು ಅಲ್ಲಿಯ ನಿಯಮ, ಯಾರನ್ನೂ ದೂರುವಂತಿಲ್ಲ. ಕಳ್ಳಿಯೂ ಹಾಗೇ ಹೋದಳು ಎಂದುಕೊಂಡಿದ್ದೆವು.

ಒಂದು ದಿನ ಅಮ್ಮ ಅಕ್ಕನ ಹಳೆಯ ಕನ್ನಡಕದ ಡಬ್ಬಿ ತಂದು ನನ್ನ ಮುಂದೆ ಹಿಡಿದಳು. "ಇದೇನೇ ಇದು? ಕಣ್ಣಿಗೆ ಬಿಡೋ ಔಷಧಿನಾ?"

ಒಳಗೆ ಕಿರುಬೆರಳಿನಷ್ಟು ಸೀಸೆ. ಅದರ ತುಂಬ ಬ್ಯಾಕ್ಟೀರಿಯಾದ ಊಟ ಬೆರೆಸಿ ಜೆಲ್ಲಿಯಂತೆ ಗಟ್ಟಿಯಾಗಿಸಿದ ಅಗರ್, ನಡುವೆ ಸೂಜಿ ಚುಚ್ಚಿದ ಗೆರೆ. ಬ್ಯಾಕ್ಟೀರಿಯಾವನ್ನು ಹೀಗೆ ಚುಚ್ಚಿ ಮುಚ್ಚಳ ಬಿಗಿದರೆ ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಬದುಕುತ್ತದೆ. ಯಾವ ಊರಿನ ಯಾವ ಪ್ರಯೋಗಾಲಯಕ್ಕೆ ಒಯ್ಯಲು ಇಟ್ಟುಕೊಂಡಿದ್ದಳೋ. ಸೀಸೆಯ ಮೇಲೆ ಅಕ್ಕನ ದುಂಡು ಅಕ್ಷರ: "ಕಳ್ಳಿ ಮಲಗಿದ್ದಾಳೆ."

ಅಂದಿನಿಂದ ನನಗೊಂದೇ ಹುಚ್ಚು. ಕಳ್ಳಿಯನ್ನು ಎಬ್ಬಿಸಿ ಅಕ್ಕನ ಮುಂದಿಡಬೇಕು. ಅವಳನ್ನು ಕಂಡರೆ ಅಕ್ಕ ಏನಾದರೂ ಅಂದಾಳು, ಆಮೇಲೆ ಅಲ್ಲದ ಇನ್ನೊಂದು ಮಾತು. ಬರೆಯಲೂ ನಾಚಿಕೆಯಾಗುತ್ತದೆ, ಆದರೆ ನಿಜ.

ಪ್ರಯೋಗಾಲಯದ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ಅವರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಮಾಡು. ನಿನ್ನ ಕೆಲಸ ಮುಗಿದ ಮೇಲೆ ಮಾಡು. ತುಂಬ ಆಸೆ ಇಟ್ಕೋಬೇಡ."

ಊಟ ಕರಗಿಸಿದ ನೀರಿನಲ್ಲಿ ಸೀಸೆಯ ಬ್ಯಾಕ್ಟೀರಿಯಾ ಚೆನ್ನಾಗಿಯೇ ಬೆಳೆಯಿತು. ನೇರಳಾತೀತ ಬೆಳಕು ತಾಗಿಸಿದೆ. ಕಳ್ಳಿ ಎದ್ದಿದ್ದರೆ ಈಗ ನೀರಿನಲ್ಲಿರಬೇಕು, ಆದರೆ ಕಣ್ಣಿಗೆ ಕಾಣುವವಳಲ್ಲ. ಕಾಣಿಸಲು ಒಂದು ಉಪಾಯವಿದೆ. ಆ ನೀರಿನ ಹನಿಯನ್ನೂ ಒಂದಿಷ್ಟು ಬ್ಯಾಕ್ಟೀರಿಯಾವನ್ನೂ ಬೆಚ್ಚಗಿನ ತೆಳು ಅಗರ್‌ನಲ್ಲಿ ಬೆರೆಸಿ ತಟ್ಟೆಗೆ ಹುಯ್ಯಬೇಕು. ಬೆಳಗಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ತಟ್ಟೆ ತುಂಬ ಬಿಳಿ ಹಾಸಿನಂತೆ ಬೆಳೆದಿರುತ್ತದೆ. ವೈರಸ್ಸು ಇದ್ದ ಕಡೆ ಮಾತ್ರ ತೂತು. ಕಳ್ಳಿಯ ತೂತು ಕಣ್ಣಿನ ಹಾಗೆ ಎನ್ನುತ್ತಿದ್ದಳು ಅಕ್ಕ: ಸುತ್ತ ತಿಳಿ, ನಡುವೆ ಮಬ್ಬು ಪಾಪೆ. ಕಳ್ಳಿಯನ್ನು ಒಳಗೆ ಮಲಗಿಸಿಕೊಂಡು ಬದುಕುಳಿದವು ಆ ನಡುವೆ ಬೆಳೆಯುತ್ತವಂತೆ.

ನನ್ನ ತಟ್ಟೆಯಲ್ಲಿ ಒಂದು ತೂತೂ ಇರಲಿಲ್ಲ. ಮತ್ತೆ ಮಾಡಿದೆ, ಇರಲಿಲ್ಲ. ದೀಪ ಕೆಟ್ಟಿದೆಯೇ, ಅಗರ್ ಸುಟ್ಟಿತೇ, ನನ್ನ ಕೈಯೇ ಸರಿಯಿಲ್ಲವೇ ಎಂದು ಒಂದೊಂದನ್ನೂ ಪರೀಕ್ಷಿಸಿ ಇನ್ನೊಮ್ಮೆ ಮಾಡಿದೆ. ಒಗೆದು ಹರವಿದ ಬಟ್ಟೆಯ ಹಾಗೆ ಬಿಳಿ ಹಾಸು.

ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ಕೇಳುತ್ತಿದ್ದಳು, "ಹುಳ ಎದ್ದಿತಾ?"

"ಹುಳ ಅಲ್ಲಮ್ಮ, ವೈರಸ್ಸು."

"ಯಾವುದೋ ಒಂದು. ಎದ್ದಿತಾ?"

ಕೊನೆಗೆ ತಟ್ಟೆಗಳನ್ನು ಮೇಡಂ ಮುಂದಿಟ್ಟು, ಕಳ್ಳಿ ಸತ್ತಿದ್ದಾಳೆ ಎಂದೆ.

"ತಟ್ಟೆಗೆ ಹಾಸು ಬೆಳೆಸೋಕೆ ಯಾವ ಬ್ಯಾಕ್ಟೀರಿಯಾ ಹಾಕಿದೆ?"

"ಅಕ್ಕನದೇ ಮೇಡಂ. ಅದೇ ಸೀಸೆಯದು. ಕಳ್ಳಿಗೆ ಅದೇ ಒಗ್ಗುತ್ತೆ ಅಂತ..."

ಮೇಡಂ ಕನ್ನಡಕ ತೆಗೆದು ನಕ್ಕರು. ಕೆಟ್ಟ ನಗುವಲ್ಲ. "ಅಯ್ಯೋ ಹುಚ್ಚಿ, ಅವುಗಳ ಒಳಗೆ ಅವಳು ಆಗಲೇ ಮಲಗಿದ್ದಾಳಲ್ಲೇ! ಬಾಡಿಗೆಗೆ ಇರೋಳು ಇನ್ನೊಬ್ಬಳಿಗೆ ಬಾಗಿಲು ತೆಗೀತಾಳಾ? ಅವಳ ಮುಖಾನೇ ನೋಡದ ಬ್ಯಾಕ್ಟೀರಿಯಾ ಬೇಕು. ಹೋಗು, ನಮ್ಮ ಮಾಮೂಲಿದನ್ನ ಹಾಕು."

ಸಂಜೆ ಕಾಲೇಜಿನ ಪರೀಕ್ಷೆಯಲ್ಲಿ ಇದನ್ನು ನಾನು ಚಿತ್ರ ಸಮೇತ ಬರೆದಿದ್ದೆ. ಗೊತ್ತಿತ್ತು. ಆದರೆ ಅಕ್ಕನದನ್ನು ಅಕ್ಕನದರ ಜೊತೆಗೇ ಇಡೋಣ ಅನ್ನಿಸಿಬಿಟ್ಟಿತ್ತು, ಗುರುತಿಲ್ಲದವರ ಕೈಗೆ ಕೊಡಲು ಮನಸ್ಸಾಗಿರಲಿಲ್ಲ.

ಮಾಮೂಲಿ ಬ್ಯಾಕ್ಟೀರಿಯಾ ಹಾಕಿದ ತಟ್ಟೆಯನ್ನು ಮರುದಿನ ಬೆಳಗ್ಗೆ ತೆಗೆದರೆ, ಹಾಸಿನ ತುಂಬ ಕಣ್ಣುಗಳು. ಸುತ್ತ ತಿಳಿ, ನಡುವೆ ಮಬ್ಬು. ತಟ್ಟೆ ಹಿಡಿದುಕೊಂಡೇ ಮೇಡಂ ಕೋಣೆಗೆ ಓಡಿದೆ.

ಮೇಡಂ ಬಹಳ ಹೊತ್ತು ನೋಡಿದರು. "ಏನೋ ಒಂದು ಎದ್ದಿದೆ. ಆದರೆ ಅವಳೇ ಅಂತ ಹೇಗೆ ಹೇಳೋದು? ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಹಳೇ ಬಾಡಿಗೆದಾರರು ಇರ್ತಾರೆ, ಬೆಳಕು ತಾಗಿದ್ರೆ ಅವರೂ ಏಳ್ತಾರೆ. ಕಳ್ಳಿಯ ಡಿಎನ್‌ಎ ಓದಿಸೋ ಮೊದಲೇ ನಿನ್ನಕ್ಕ ಮಲಗಿದಳು. ಹೋಲಿಸಿ ನೋಡೋಕೆ ಏನೂ ಉಳಿದಿಲ್ಲ. ಕಳ್ಳಿಯನ್ನ ಚೆನ್ನಾಗಿ ಬಲ್ಲೋಳು ಅವಳೊಬ್ಬಳೇ."

"ಹಾಗಾದರೆ ಅವಳನ್ನೇ ಕರ್ಕೊಂಡು ಬರಲಾ ಮೇಡಂ?"

ಶನಿವಾರ ಮಧ್ಯಾಹ್ನ ಅಕ್ಕ ಬಂದಳು, ಜೊತೆಗೆ ಅಮ್ಮ. ಹೊಸ ಕಟ್ಟಡವನ್ನು ಅಕ್ಕ ಕಂಡಿರಲಿಲ್ಲ. ಲಿಫ್ಟಿನಲ್ಲಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಅಮ್ಮ ಹೊಳೆಯುವ ನೆಲ ನೋಡುತ್ತ, "ಹುಳ ಸಾಕೋಕೆ ಇಷ್ಟು ಚೆಂದದ ಮನೆ! ನಮಗೆ ನೋಡು," ಎಂದಳು.

ತಟ್ಟೆಯನ್ನು ಅಕ್ಕನ ಮುಂದಿಟ್ಟೆ. "ನೋಡೇ ಅಕ್ಕಾ. ಕಳ್ಳಿ."

ಅಕ್ಕ ಒಮ್ಮೆ ನೋಡಿದಳು. "ಆಮೇಲೆ," ಎಂದು ಪಕ್ಕಕ್ಕೆ ಸರಿಸಿದಳು.

"ಸರಿಯಾಗಿ ನೋಡೇ. ಚರಂಡಿ ನೀರು ತಂದಿದ್ದೆಯಲ್ಲ, ಅಮ್ಮ ಬೈದಿರಲಿಲ್ವಾ?"

"ಆಮೇಲೆ, ಆಮೇಲೆ." ಈ ಸಲ ಸಿಡುಕಿನಿಂದ. ಮೇಡಂ ನನ್ನ ಭುಜ ಮುಟ್ಟಿದರು, ಸಾಕು ಎನ್ನುವ ಹಾಗೆ.

ಅಕ್ಕ ನೋಡುತ್ತಿದ್ದುದು ಬೇರೆ ಕಡೆ. ಮೇಜಿನ ತುದಿಯ ಬಿಸಿನೀರಿನ ತೊಟ್ಟಿಯಲ್ಲಿ ತೆಳು ಅಗರ್‌ನ ಕೊಳವೆಗಳು ನಿಂತಿದ್ದವು. ಅವಳು ಎದ್ದು ಹೋಗಿ ಒಂದನ್ನು ತೆಗೆದು, ಸೆರಗಿನಿಂದ ಒರೆಸಿ, ಕೆನ್ನೆಗೆ ಒತ್ತಿಕೊಂಡು ನಿಂತಳು.

ಅದು ಅವಳದೇ ಪದ್ಧತಿ. ಬಿಸಿ ಹೆಚ್ಚಿದ್ದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆರಿದರೆ ಅಗರ್ ಗಂಟು ಕಟ್ಟುತ್ತದೆ. ಎಲ್ಲರೂ ಥರ್ಮಾಮೀಟರ್ ನೋಡಿದರೆ ಅಕ್ಕ ಕೆನ್ನೆಯನ್ನು ಕೇಳುತ್ತಿದ್ದಳು. ಆಮೇಲೆ ಅವಳು ಆ ಕೊಳವೆಯನ್ನು ನನ್ನ ಕೆನ್ನೆಗೆ ಒತ್ತಿ ನನ್ನ ಮುಖವನ್ನೇ ನೋಡಿದಳು. ನನಗೆ ಕೆಲಸ ಕಲಿಸುವಾಗ ಹೀಗೇ ಒತ್ತಿ, "ಗೊತ್ತಾಯ್ತಾ?" ಎನ್ನುತ್ತಿದ್ದಳು. ಈಗ ಏನೂ ಅನ್ನಲಿಲ್ಲ. ನಾನೇ "ಗೊತ್ತಾಯ್ತಕ್ಕಾ," ಎಂದೆ.

ನಾನು ಬ್ಯಾಕ್ಟೀರಿಯಾದ ಹನಿಯನ್ನೂ ವೈರಸ್ಸಿನ ಹನಿಯನ್ನೂ ಕೊಳವೆಗೆ ಬಿಟ್ಟೆ. ಅಕ್ಕ ಅದನ್ನು ಅಂಗೈಗಳ ನಡುವೆ ಉರುಳಿಸಿ, ಹೊಸ ತಟ್ಟೆಗೆ ಹುಯ್ದು, ಆ ಕಡೆ ಈ ಕಡೆ ವಾಲಿಸಿದಳು. ಒಂದು ಗುಳ್ಳೆಯಿಲ್ಲ. ಮುಚ್ಚಳ ಹಾಕಿ ಅದರ ಮೇಲೆ ಅಂಗೈ ಇಟ್ಟುಕೊಂಡಳು. ಮೇಡಂ ಕಿಟಕಿಯ ಕಡೆ ತಿರುಗಿದರು.

"ಗುರುತು ಹಿಡಿದಳಾ?" ಎಂದು ಅಮ್ಮ ಪಿಸುಗುಟ್ಟಿದಳು.

ನಾನು ಪೆನ್ನು ತೆಗೆದು ತಟ್ಟೆಯ ಅಂಚಿಗೆ ತಾರೀಖು ಬರೆದೆ.

ಅವಳು ಹುಯ್ದ ತಟ್ಟೆಯಲ್ಲೂ ಕಣ್ಣುಗಳು ಬಂದವು, ನನ್ನದಕ್ಕಿಂತ ಅಚ್ಚುಕಟ್ಟಾಗಿ. ಈಗ ಮೇಡಂ ಅನುಮತಿಯಿಂದ ಪ್ರತಿ ಶನಿವಾರ ಮಧ್ಯಾಹ್ನ ಅಕ್ಕ ಬರುತ್ತಾಳೆ. ಹುಯ್ಯುತ್ತಾಳೆ, ಕೈ ತೊಳೆಯುತ್ತಾಳೆ, ಮನೆಗೆ ಹೋಗುತ್ತೇವೆ. ಮಾತು ಬಂದಿಲ್ಲ. ಹೆದರುಪುಕ್ಕಲಿ ಎಂದು ಯಾರೂ ಕರೆಯುವುದಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ನಾನು ಈಗಲೂ ತಿರುಗಿ ನೋಡುತ್ತೇನೆ.

ತಟ್ಟೆಯಲ್ಲಿರುವುದು ಕಳ್ಳಿಯೇ, ಅಥವಾ ಅದೇ ಬ್ಯಾಕ್ಟೀರಿಯಾದೊಳಗೆ ಮೊದಲಿನಿಂದ ಮಲಗಿದ್ದ ಇನ್ಯಾವುದೋ ವೈರಸ್ಸೇ, ನನಗೆ ಗೊತ್ತಿಲ್ಲ. ಅಕ್ಕ ಅದನ್ನು ಗುರುತಿಸಿ ಪಕ್ಕಕ್ಕೆ ಸರಿಸಿದಳೋ, ಗುರುತಿಸದೆ ಸರಿಸಿದಳೋ, ಅದೂ ಗೊತ್ತಿಲ್ಲ. ಕೊಳವೆಯನ್ನು ನನ್ನ ಕೆನ್ನೆಗೆ ಒತ್ತಿದಾಗ ಎದುರಿಗಿರುವುದು ತಂಗಿ ಎಂದು ಅವಳಿಗೆ ತಿಳಿದಿತ್ತೇ ಎಂದು ಮೇಡಂ ಅವರನ್ನೂ ಕೇಳಿದೆ. ಅವರಿಗೂ ಗೊತ್ತಿಲ್ಲವಂತೆ.