ಬರೀ ಪಾಸು

ಸಂದರ್ಶನದ ಕೋಣೆಯ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ಮುದುಕ ದರ್ಜಿಗೆ ಒಳಗಿನ ಮಾತೆಲ್ಲ ಕೇಳುತ್ತಿತ್ತು. ಬಿಸಿನೆಸ್ ಸ್ಕೂಲಿಗೆ ಸೇರಲೇಬೇಕೆಂದು ಮೊಮ್ಮಗಳು ಹಟ ಹಿಡಿದು ಓದಿದ್ದಳು. ಒಳಗೆ ಅವಳನ್ನು ಪ್ರಶ್ನೆ ಕೇಳುತ್ತಿದ್ದವರು ಹೂಂ ಅಂದರೆ ಸೀಟು, ಊಹೂಂ ಅಂದರೆ ಮತ್ತೆ ಅಜ್ಜನ ಅಂಗಡಿಯ ಗುಂಡಿ, ಕಾಜ. ಅವಳು ತೊಟ್ಟಿದ್ದ ಕರಿ ಕೋಟು ತೀರಿಕೊಂಡ ಅವಳಮ್ಮನದು. ಅಜ್ಜನೇ ಬಿಗಿ ಮಾಡಿ ಕೊಟ್ಟಿದ್ದ.

"ಬೇರೆಲ್ಲದಕ್ಕೂ ಒಳ್ಳೇ ಅಂಕ ಇದೆಯಮ್ಮ. ಈ ಗಣಿತ, ಸಂಖ್ಯಾಶಾಸ್ತ್ರಕ್ಕೆ ಮಾತ್ರ ಬರೀ ಪಾಸು ಅಂತಿದೆಯಲ್ಲ?"

"ನಮ್ಮ ಕಾಲೇಜಲ್ಲಿ ಎರಡು ವಿಷಯಕ್ಕೆ ಅಂಕ ಬೇಡ, ಪಾಸು ಸಾಕು ಅಂತ ಆರಿಸ್ಕೋಬಹುದಿತ್ತು ಸರ್. ಆರಿಸ್ಕೊಂಡೆ."

"ನಾವು ಮೊದಲು ನೋಡೋದೇ ಅವೆರಡನ್ನ. ಕಮ್ಮಿ ಬರುತ್ತೆ ಅಂತ ಹೆದರಿದ್ರಾ?"

ಹೇಳೇ ತಾಯಿ, ಬಾಯಿಬಿಟ್ಟು ಹೇಳೇ, ಎಂದು ಅಜ್ಜ ಮನಸ್ಸಿನಲ್ಲೇ ಅಂಗಲಾಚಿದ. "ಅದು ನನ್ನ ತೀರ್ಮಾನ ಸರ್," ಎಂದಷ್ಟೇ ಅಂದಳು ಅವಳು.

ಆ ಪರೀಕ್ಷೆಯ ಹೊತ್ತಿಗೆ ಅವಳಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಂಕವೋ, ಬರೀ ಪಾಸೋ ಎಂದು ಕಾಲೇಜಿನವರು ಕೇಳಿದಾಗ ಹುಡುಗಿ ಬಂದು ನಿಂತದ್ದು ಅಜ್ಜನೆದುರು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವನಿಗೆ ಪಾಸಿಗಿಂತ ದೊಡ್ಡ ಮಾತು ಗೊತ್ತಿರಲಿಲ್ಲ.

"ಪಾಸಂದ್ರೆ ಪಾಸು ಕಣೇ! ಸುಮ್ನೆ ಅಮ್ಮನ ಹತ್ರ ಕೂತ್ಕೋ," ಅಂದಿದ್ದ.

ಕೂತಳು. ಚಮಚದಲ್ಲಿ ನೀರು ಕುಡಿಸಿದಳು, ತಲೆ ಬಾಚಿದಳು. "ನನ್ನ ಕಾಯೋದಕ್ಕೂ ಸರ್ಟಿಫಿಕೇಟ್ ಕೊಡ್ತಾರೇನೇ?" ಎಂದು ಅಮ್ಮ ಆ ಸಂಕಟದಲ್ಲೂ ನಗೆಯಾಡುತ್ತಿದ್ದಳು. ಮಗಳ ಪರೀಕ್ಷೆ ಮುಗಿಯುವವರೆಗೆ ಅವಳು ಉಳಿಯಲಿಲ್ಲ.

ಸಂದರ್ಶನ ಮುಗಿಸಿ ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜನಿಗೆ ತಡೆಯಲಾಗಲಿಲ್ಲ. "ಅಮ್ಮನಿಗೆ ಹುಷಾರಿರ್ಲಿಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಸೀಟಿಗೋಸ್ಕರ ಅಮ್ಮನ ಸಾವು ತೋರಿಸ್ಲಾ ಅಜ್ಜ?"

"ನನ್ನ ಮೇಲಾದ್ರೂ ಹಾಕ್ಬಾರ್ದಿತ್ತಾ? ಅಜ್ಜ ಹೇಳ್ದ ಅಂತ."

"ಓಹೋ, ದರ್ಜಿ ಮಾತು ಕೇಳ್ಕೊಂಡು ಅಂಕ ಬಿಟ್ಟೆ ಅಂತ! ಆಗಂತೂ ಕೈಗೆ ಸೀಟೇ ಇಟ್ಟುಬಿಡ್ತಿದ್ರು," ಎಂದು ನಕ್ಕಳು. ಆಮೇಲೆ ಕಿಟಕಿಯ ಕಡೆ ತಿರುಗಿದವಳು ಮನೆ ಬರುವವರೆಗೂ ಈ ಕಡೆ ನೋಡಲಿಲ್ಲ.

ಮುಂದಿನ ವಾರ ಫೋನಿಗೆ ಉತ್ತರ ಬಂತು. ಸೀಟು ಇಲ್ಲ. ಓದಿ ಹೇಳಿ, ಒಳಗೆ ಹೋಗಿ, ಕೋಟು ತಂದು ಹೊಲಿಗೆ ಯಂತ್ರದ ಮೇಲಿಟ್ಟಳು.

"ಮೊದಲಿದ್ದ ಹಾಗೇ ಮಾಡ್ಕೊಡು ಅಜ್ಜ. ಅಮ್ಮನ ಅಳತೆಗೆ."

"ಇನ್ನು ಯಾರು ಹಾಕ್ಕೋತಾರೇ?"

"ಯಾರೂ ಬೇಡ. ಹಾಗೇ ಇರ್ಲಿ."

ಅಜ್ಜ ಕನ್ನಡಕ ಏರಿಸಿಕೊಂಡು, ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದ. ಅವಳು ಪಕ್ಕದಲ್ಲೇ ಕೂತು ದಾರದ ಚೂರು ಆಯ್ದಳು.